ಅಂದಾಜಿನ ಎಳೆಗಳು

ಆ ಬಿದಿರ ಗಳಕ್ಕೆ ನಾನು ಕೊಟ್ಟದ್ದು ಒಂದೂವರೆ ರೂಪಾಯಿ. ಮಾರುವವನು ಎರಡು ಕೇಳಿದ್ದ; ನಡುವೆ ಸ್ವಲ್ಪ ಡೊಂಕಿದೆ ಎಂದು ತೋರಿಸಿ ಎಂಟಾಣೆ ಇಳಿಸಿದೆ. ಅದರ ಮೇಲೆ ಸೂರು ಹೊದಿಸುವವನಲ್ಲ ನಾನು, ಬರಿಯ ದಾರ ಕಟ್ಟುವವನು, ಡೊಂಕಿದ್ದರೆ ನನಗೇನು? ಆದರೆ ಇಂಥ ಗುಟ್ಟನ್ನು ಮಾರುವವನ ಮುಂದೆ ಯಾರಾದರೂ ಆಡುತ್ತಾರೆಯೇ, ನೀವೇ ಹೇಳಿ.

ಅರವತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರದಲ್ಲಿ ನನಗೆ ಎರಡು ಕೈಮಗ್ಗಗಳಿದ್ದವು. ದೀಪಾವಳಿ ಮುಗಿದ ಮೇಲೆ ನಾನು, ಹೆಂಡತಿ ಜಯಮ್ಮ, ಅವಳ ತಂಗಿ ರುಕ್ಮಿಣಿ ನಡುಮನೆಯಲ್ಲಿ ಕೂತು, ಯಾವ ಊರಿನಲ್ಲಿ ರಾಗಿ ಚೆನ್ನಾಗಿದೆ, ಯಾರ ಮನೆಯಲ್ಲಿ ಹೆಣ್ಣು ಬೆಳೆದು ನಿಂತಿದೆ ಎಂದೆಲ್ಲ ಯೋಚಿಸಿ, ಬರುವ ಲಗ್ನಗಳಿಗೆ ಎಷ್ಟು ಧಾರೆ ಸೀರೆ ಬೇಕಾದೀತೆಂದು ಅಂದಾಜು ಮಾಡುತ್ತಿದ್ದೆವು. ಒಂದು ಸೀರೆಗೆ ಒಂದು ಎಳೆಯಂತೆ ಗಳಕ್ಕೆ ದಾರ ಕಟ್ಟಿ, ಅಷ್ಟೇ ಸೀರೆ ನೇಯುತ್ತಿದ್ದೆವು. ಯಾರಾದರೂ ಬಂದು ಮುಂಗಡ ಕೊಟ್ಟರೆ, ಒಂದು ಎಳೆ ಬಿಚ್ಚುವುದು. ಊಹೆ ಅಷ್ಟು ಕರಗಿತು, ಮಾತು ಅಷ್ಟು ಗಟ್ಟಿಯಾಯಿತು ಎಂದರ್ಥ.

ಮೊದಲ ವರ್ಷ ಹತ್ತು ಸೀರೆಗೆ ಮುಂಗಡ ಬಂದಾಗ, ನಾನು ಹಿಗ್ಗಿ ಅಂದಾಜಿನ ಮೇಲೆ ಇನ್ನೂ ಹತ್ತು ನೇಯೋಣವೆಂದೆ. ಜಯಮ್ಮ ನಕ್ಕಳು.

"ನೆಂಟ್ರು ಬರ್ತಾರೆ ಅಂತ ಅಕ್ಕಿ ನೆನೆಹಾಕಿದ್ದೀವಿ. ಬಂದ್ಮೇಲೆ ಅವರಿಗೇ ಅಂತ ಇನ್ನೊಂದ್ಸಲ ನೆನೆಹಾಕ್ತೀರಾ? ಚೆನ್ನಾಗಿ ವ್ಯಾಪಾರ ಮಾಡ್ತೀರ ಬಿಡಿ!"

ನಮ್ಮ ಬೀದಿಯ ಇನ್ನೊಬ್ಬ ಮಗ್ಗದ ಯಜಮಾನನಿಗೆ ಹೀಗೆ ಹೇಳುವ ಹೆಂಡತಿ ಇರಲಿಲ್ಲ. ಅವನು ಬಂದವರನ್ನೂ ಬರಬೇಕಾದವರನ್ನೂ ಕೂಡಿಸಿ ನೇಯ್ದ. ಆಷಾಢದಲ್ಲಿ ಅವನ ಪೆಟ್ಟಿಗೆಯಲ್ಲಿ ಉಳಿದ ಸೀರೆಗಳನ್ನು ಅಗ್ಗಕ್ಕೆ ಕೊಂಡವನು ನಾನೇ.

ಒಮ್ಮೆ ಬೆಂಗಳೂರಿನ ಒಂದು ಮಹಿಳಾ ಸಂಘದವರು ಯಾವುದೋ ಸಮಾರಂಭಕ್ಕೆಂದು ಒಂದೇ ಬಣ್ಣದ ಎಂಟು ಸೀರೆ ಕೇಳಿದರು. ಎಳೆ ಬಿಚ್ಚಲು ಹೋದವನ ಕೈಯನ್ನು ರುಕ್ಮಿಣಿಯ ಮಾತು ತಡೆಯಿತು.

"ಇವ್ರು ನಮ್ಮ ಅಂದಾಜಲ್ಲೇ ಇರ್ಲಿಲ್ವಲ್ಲ ಭಾವ. ಇವರಿಗೆ ಬೇರೆ ನೇಯ್ತೀನಿ. ಊರೋರ ಪಾಲು ಇವರ್ಯಾಕೆ ತಿನ್ಬೇಕು?"

ಇಷ್ಟು ಬಲ್ಲ ಹುಡುಗಿಯ ಬಗ್ಗೆಯೇ ನಮ್ಮ ಅಂದಾಜು ಪ್ರತಿವರ್ಷ ಸುಳ್ಳಾಗುತ್ತಿತ್ತು. ಎಲ್ಲ ಎಳೆ ಕಟ್ಟಿದ ಮೇಲೆ ಜಯಮ್ಮ ಕೊನೆಗೊಂದು ಕೆಂಪೆಳೆ ಕಟ್ಟುತ್ತಿದ್ದಳು: "ಈ ವರ್ಷ ನಮ್ಮ ರುಕ್ಕೂದು ಆಗೇ ಆಗುತ್ತೆ." ಗಂಡಿನ ಕಡೆಯವರು ಬರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದರು. ಹೇಳಿ ಕಳಿಸಿದವರಿಲ್ಲ. ಆಷಾಢ ಬಂತೆಂದರೆ, ಹಳೆಯ ಊಹೆ ಹೊಸ ವರ್ಷಕ್ಕೆ ಭಾರವಾಗಬಾರದೆಂದು, ಉಳಿದ ಎಳೆಗಳನ್ನೆಲ್ಲ ಕಿತ್ತು ಗಳವನ್ನು ಬರಿದು ಮಾಡುವುದು ನನ್ನದೇ ನಿಯಮ. ಕೆಂಪೆಳೆಯೂ ಹೋಗುತ್ತಿತ್ತು, ರುಕ್ಮಿಣಿ ತನಗೆಂದು ನೇಯ್ದ ಸೀರೆಯನ್ನು ಶ್ರಾವಣದಲ್ಲಿ ಯಾರೋ ಉಡುತ್ತಿದ್ದರು. ಮಗ್ಗದ ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ.

ಒಂದು ವೈಶಾಖದಲ್ಲಿ ಲಗ್ನಗಳು ಎಷ್ಟಿದ್ದವೆಂದರೆ, ಗಳದಲ್ಲಿ ಉಳಿದದ್ದು ಆ ಕೆಂಪೆಳೆಯೊಂದೇ. ಆಗ ಬೂದಿಗೆರೆಯಿಂದ ಒಬ್ಬ ತಾಯಿ ಬಂದಳು. ನಾಡಿದ್ದು ಮಗಳ ಧಾರೆ.

"ಹೇಳಿ ಕಳಿಸ್ಬಾರ್ದಿತ್ತೇನಮ್ಮ?" ಎಂದೆ.

"ಗಂಡು ಗೊತ್ತಾಗಿ ಎಂಟು ದಿನ ಆಗಿಲ್ಲ ಕಣಪ್ಪ. ಈ ವರ್ಸ ಆಗಲ್ಲ ಅಂತ ಕೈಬಿಟ್ಟಿದ್ವಿ. ದೇವ್ರು ಕಣ್ಬಿಟ್ಟ."

ಪೆಟ್ಟಿಗೆಯಲ್ಲಿ ಸೀರೆ ಇತ್ತು. ಅದು ಯಾರದೆಂದು ಮೂವರಿಗೂ ಗೊತ್ತಿತ್ತು. ನಾನು ಪೆಟ್ಟಿಗೆ ನೋಡಿದೆ. ಜಯಮ್ಮ ನೆಲ ನೋಡಿದಳು. ರುಕ್ಮಿಣಿ ಮಗ್ಗದ ಗುಂಡಿಯಿಂದ ಎದ್ದು ಬಂದು ಕೆಂಪೆಳೆ ಬಿಚ್ಚಿ, ಸೀರೆಯನ್ನು ಆ ತಾಯಿಯ ಮಡಿಲಿಗಿಟ್ಟಳು.

"ಮದ್ವೆಗೆ ಅಂತ್ಲೇ ನೇಯ್ದಿದ್ದು ಕಣಮ್ಮ. ಒಳ್ಳೇದಾಗ್ಲಿ."

ಅದಕ್ಕೂ ಬೆಲೆ ಹೇಳಿದೆ. ಆ ತಾಯಿ ಚೌಕಾಸಿ ಮಾಡದೆ ಕೊಟ್ಟಳು. ಮರುವರ್ಷ ಜಯಮ್ಮ ಕೆಂಪೆಳೆ ಕೈಗೆತ್ತಿಕೊಂಡಾಗ ರುಕ್ಮಿಣಿ ಅದನ್ನು ಮೆಲ್ಲನೆ ಇಸಿದುಕೊಂಡಳು. "ಬೂದಿಗೆರೆಗೆ ಒಂದು ಜಾಸ್ತಿ ಇರ್ಲಿ ಅಕ್ಕ," ಎಂದು ಮಿಕ್ಕ ಎಳೆಗಳ ನಡುವೆ ಕಟ್ಟಿಬಿಟ್ಟಳು. ಅವಳಿಗೆ ಮದುವೆಯಾಗಲಿಲ್ಲ.

ಈಗ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ಮಾಡುತ್ತದಂತೆ. ಆರ್ಡರು ಬಂದ ಕೂಡಲೇ ಅಂದಾಜನ್ನು ತಾನೇ ಇಳಿಸುತ್ತದಂತೆ. ಸಂತೋಷ. ನೀವೂ ಹಾಗೆಯೇ ಮಾಡಿ, ನಷ್ಟವಾಗದು. ಬಂದವರನ್ನು ಬರಬೇಕಾದವರ ಲೆಕ್ಕದಿಂದ ಕಳೆಯಿರಿ. ಎಂದೂ ಬಾರದವರು ಹಠಾತ್ತನೆ ಬಂದರೆ ಅವರ ಲೆಕ್ಕ ಬೇರೆ ಇಡಿ. ಆದರೆ ಉಳಿದ ಎಳೆ ಒಂದೇ ಆಗಿ, ಅದು ನಿಮ್ಮ ಮನೆಯವರದೇ ಆಗಿದ್ದರೆ, ಅವರು ಎದ್ದು ಬರುವ ಮೊದಲೇ ಬಾಗಿಲಿಗೆ ಹೋಗಿ "ಸೀರೆ ಇಲ್ಲ" ಎಂದುಬಿಡಿ. ಬಂದವರಿಗೆ ಪೇಟೆಯಲ್ಲಿ ಇನ್ನೊಂದು ಅಂಗಡಿ ಸಿಕ್ಕೇ ಸಿಗುತ್ತದೆ.