ರಾಣಿಗೆ ಕನ್ನಡಿ ತೋರಸ್ಲಿಲ್ಲ

ನಮ್ಮಣ್ಣನ ಮಗಳಿಗೆ ನಕ್ಷತ್ರಲೋಕದ ಕಥಿ ಅಂದ್ರ ಹುಚ್ಚು. ಅದರಾಗ ಒಬ್ಬ ರಾಣಿ ಗದ್ದಿಗಿ ಬಿಟ್ಟು ರಾಜಕಾರಣಕ್ಕ ಇಳೀತಾಳ. ಕೊಲ್ಲಾಕ ಬಂದವರ ಮುಂದ ತನ್ನ ಬದಲಿ ತನ್ನಂಗ ಕಾಣೋ ದಾಸಿನ್ನ ನಿಲ್ಲಸ್ತಾಳ. ಆ ರಾಣಿ ಗೊಂಬಿನ್ನ, ಕಟ್ಟಿಗಿ ಗೊಂಬಿಗೆ ಹೆಸರಾದ ಕಿನ್ನಾಳದಾಗ ಮಾಡಸಿದ್ದೆ.

ತರಾಕ ಹೋದಾಗ, ಗೊಂಬಿ ಮಾಡೋ ಅಜ್ಜಿ ಆಗಷ್ಟ ಅದಕ್ಕ ಕಣ್ಣು ಬರದು ಒಳಗ ಹೋಗಿದ್ಲು. ನಾನು ಗೊಂಬಿ ಎತ್ತಿ ಮುಖ ನೋಡಿದೆ.

ಅಜ್ಜಿ ಕನ್ನಡಿ ಹಿಡಕೊಂಡು ಬಾಗಿಲದಾಗ ನಿಂತುಬಿಟ್ಲು. "ಕಣ್ಣು ಬರದ ಮ್ಯಾಲ ಮೊದಲ ಕನ್ನಡಿ ತೋರಸ್ಬೇಕವ್ವ, ತನ್ನ ಮುಖ ತಾ ನೋಡ್ಕೋಬೇಕು. ಈಗ ನಿನ್ನ ಮುಖಾನ ತನ್ನದು ಅಂತ ತಿಳಕೊಂಡಾಳ."

"ತಿಳಕೊಂಡ್ರ ಏನಾಕ್ಕೈತ್ರೀ?"

"ಏನಿಲ್ಲ. ಇನ್ನ ನೀವಿಬ್ರೂ ಒಂದ."

ನಮ್ಮಿಬ್ರಾಗ ದಾಸಿ ಯಾರು ಅಂತ ಕೇಳದ, ರೊಕ್ಕ ಕೊಟ್ಟು ಗೊಂಬಿ ತಗೊಂಡು ಬಂದೆ. ರಾಣಿ ಈಗ ಹುಡುಗಿ ಕಪಾಟಿನಾಗ ಆರಾಮ ಕುಂತಾಳ. ಹಿಟ್ನಾಳದ ಹೆದ್ದಾರಿ ದಾಟೂಮುಂದ ಯಾರರ ಬೆನ್ನ ಹತ್ಯಾರೇನು ಅಂತ ಹೊಳ್ಳಿ ಹೊಳ್ಳಿ ನೋಡಾಕಿ ನಾನ.