ನಲವತ್ತೊಂದನೇ ಸಾಲಿನ ಪೆದ್ದಿ

ಸಂಖ್ಯಾಶಾಸ್ತ್ರದ ಮೇಡಂ ಕಣ್ಣಿಗೆ ತಪ್ಪು ಅಂಕಿ ಬಿತ್ತೆಂದರೆ ಅದರ ಕಥೆ ಮುಗಿದಂತೆಯೇ. ದಿನಸಿಯ ರಸೀದಿ, ಮಕ್ಕಳ ಅಂಕಪಟ್ಟಿ, ಕೊನೆಗೆ ಗಂಡನ ರಕ್ತದೊತ್ತಡ ಕೂಡ ಅವರ ಕೆಂಪು ಪೆನ್ನಿನಿಂದ ಪಾರಾಗಿರಲಿಲ್ಲ.

ಹಾಗಾಗಿ, ಹೆಣ್ಣು ಗಂಡು ಅಧ್ಯಾಪಕರ ಸಂಬಳದಲ್ಲಿ ವ್ಯತ್ಯಾಸವಿದೆಯೇ ಎಂದು ಮೇಲಿನವರು ಕೇಳಿದಾಗ, ವಿಶ್ವವಿದ್ಯಾಲಯದ ಕುಲಸಚಿವರು ಹೆಸರು ಅಳಿಸಿದ ಸಂಬಳಪಟ್ಟಿಯನ್ನು ಅವರ ಮೇಜಿಗೇ ತಂದಿಟ್ಟರು. "ಎಲ್ಲಾ ಸರಿಯಾಗಿದೆ ಅಂತ ಒಂದು ವರದಿ ಬರ್ಕೊಡಿ ಮೇಡಂ, ಸಾಕು."

ಮೇಡಂ ತೋಳೇರಿಸಿ ರಣರಂಗಕ್ಕಿಳಿದರು. ನಲವತ್ತೊಂದನೇ ಸಾಲಿಗೆ ಬಂದಾಗ ಪೆನ್ನು ಗಕ್ಕನೆ ನಿಂತಿತು. ಹೆಣ್ಣು, ಇಪ್ಪತ್ತೆರಡು ವರ್ಷದ ಸೇವೆ. ಸಂಬಳ ಮಾತ್ರ ಮೊನ್ನೆ ಸೇರಿದವರ ಹತ್ತಿರಹತ್ತಿರ! ಅದೇ ದಿನ ಸೇರಿದ ನಲವತ್ತೆರಡನೇ ಸಾಲಿನ ಗಂಡಸಿಗೆ ಇದರ ಒಂದೂವರೆ ಪಟ್ಟು.

"ಇಷ್ಟಕ್ಕೆ ಯಾವ ಪೆದ್ದಿ ದುಡೀತಾಳೆ!" ಎಂದು ಬಿದ್ದುಬಿದ್ದು ನಕ್ಕು ಬರೆದರು: 'ಟೈಪಿಂಗ್ ದೋಷ. ನಲವತ್ತೆರಡನೇ ಸಾಲಿನಷ್ಟೇ ಇರತಕ್ಕದ್ದು.' ಕುಲಸಚಿವರು ಓದುವ ಗೋಜಿಗೇ ಹೋಗದೆ 'ಒಪ್ಪಿದೆ, ಕೂಡಲೇ ಸರಿಪಡಿಸಿ' ಎಂದು ಸಹಿ ಜಡಿದು ಮೊಹರು ಒತ್ತಿದರು.

ಮರುದಿನ ಸಂಬಳ ವಿಭಾಗದ ಗುಮಾಸ್ತೆ ಕಡತ ಅವಚಿಕೊಂಡು ಬಾಗಿಲಲ್ಲಿ ನಿಂತಳು.

"ಮೇಡಂ, ಟೈಪಿಂಗ್ ಸರಿಯಾಗೇ ಇದೆ."

"ಸಾಧ್ಯಾನೇ ಇಲ್ಲ ಕಣಮ್ಮ. ಯಾರದು ಆ ಮಹಾತಾಯಿ?"

"ನೀವೇ ಮೇಡಂ."

ಜಗತ್ತಿನ ಅಂಕಿಗಳನ್ನೆಲ್ಲ ಜಾಲಾಡಿದ ಮೇಡಂ ತಮ್ಮ ಸಂಬಳದ ಚೀಟಿಯನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಸಂಬಳ ಬ್ಯಾಂಕಿಗೆ ಬರುತ್ತಿತ್ತು, ಮನೆಸಾಲಕ್ಕೆ ಹೋಗುತ್ತಿತ್ತು.

"ಎರಡು ಹೆರಿಗೆ ರಜೆಗೆ ಎರಡು ಸಲ ನಿಮ್ಮ ಬಡ್ತಿ ಹಿಂದಕ್ಕೆ ಹೋಯ್ತು. ಆಮೇಲೆ, ಹಳೇ ಕೆಲಸದ ಅನುಭವ ಸೇರಿಸಿ ಅಂತ ನಲವತ್ತೆರಡನೇ ಸಾಲಿನ ಭೌತಶಾಸ್ತ್ರದ ಸರ್ ಕೇಳಿದ್ರು. ನೀವು ಕೇಳ್ಲಿಲ್ಲ."

"ಕೇಳ್ಬೇಕಿತ್ತಾ?"

"ಕೇಳಿದೋರಿಗೆ ಕೊಟ್ಟಿದಾರೆ."

ಮೇಡಂ ಬಾಗಿಲು ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಒಂದು ಗಂಟೆ ಇಡೀ ಪಟ್ಟಿಯನ್ನು ಮತ್ತೆ ಮೊದಲಿಂದ ನೋಡಿದರು. ಆಮೇಲೆ ಮೊಹರು ಬಿದ್ದ ವರದಿಯನ್ನು ಬಾವುಟದಂತೆ ಹಿಡಿದು ಹೊರಟರು.

"ಅದು ದೋಷ ಅಲ್ಲ ಮೇಡಂ, ನಿಮ್ಮ ಸಂಬಳ!" ಎಂದರು ಕುಲಸಚಿವರು.

"ದೋಷ ಅಂತ ಒಪ್ಪಿದೋರು ನೀವೇ ಅಲ್ವಾ ಸರ್?"

"ಅಯ್ಯೋ, ನಾನು ಓದೇ ಇಲ್ಲ!"

"ಹಾಗಂತ ಬರ್ಕೊಡಿ. ಅದನ್ನೂ ಮೇಲೆ ಕಳಿಸ್ತೀನಿ."

ಕುಲಸಚಿವರು ಸೀಲಿಂಗ್ ನೋಡಿದರು, ಫ್ಯಾನ್ ನೋಡಿದರು. ಆಮೇಲೆ ಸಂಬಳ ತಿದ್ದುವ ಆದೇಶಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳಕ್ಕೆ ಕೈಯಿಟ್ಟರು.

"ಮುಚ್ಚಬೇಡಿ ಸರ್," ಎಂದು ಮೇಡಂ ಕುರ್ಚಿ ಎಳೆದು ಕೂತರು. "ಇದೇ ಥರದ ಟೈಪಿಂಗ್ ದೋಷ ಇನ್ನೂ ಹದಿನೇಳಿವೆ. ಆಶ್ಚರ್ಯ ನೋಡಿ, ಹದಿನೇಳೂ ಹೆಂಗಸ್ರದ್ದೇ!"