ಅಡುಗೆಮನೆಯ ಕೆಳಗಿನ ಹಾರಿ

ಠಣ್… ಠಣ್… ಕಬ್ಬಿಣದ ಹಾರಿ ಕಲ್ಲಿಗೆ ಬಡಿಯುವ ಆ ಸದ್ದು ನನ್ನ ಅಡುಗೆಮನೆಯ ನೆಲದ ಕೆಳಗಿಂದ ಬರುತ್ತಿತ್ತು. ಕೇಳುತ್ತಿದ್ದರೆ ಭಯ; ನಿಂತರೆ ಇನ್ನೂ ಭಯ. ಕೆಳಗೆ ಬಿಲ ತೋಡುತ್ತಿದ್ದವನು ನನ್ನ ಮೈದುನ.

ತೊಂಬತ್ತರ ದಶಕದ ಒಂದು ಬೇಸಿಗೆ. ಮುರಗೋಡದ ಆಚೆ, ನಮ್ಮೂರ ಹಳ್ಳದ ಮರಳಲ್ಲಿ ಬಂಗಾರ ಸಿಕ್ಕಿತೆಂದು ಸುದ್ದಿ ಹಬ್ಬಿತು. ಬೈಲಹೊಂಗಲ, ರಾಮದುರ್ಗದ ಕಡೆಯಿಂದ ಜನ ಟೆಂಪೋ ತುಂಬಿ ಬಂದರು. ಅವರ ಹಿಂದೆಯೇ ತಗಡಿನ ಹೋಟೆಲುಗಳು, ಕ್ಯಾಸೆಟ್ ಅಂಗಡಿ, ಹಾರಿ-ಸಲಿಕೆ ಬಾಡಿಗೆ ಕೊಡುವವರು. ನಾನೂ ಪಡಸಾಲೆಯಲ್ಲಿ ಖಾನಾವಳಿ ತೆರೆದೆ. ಕಾನ್ವೆಂಟಿನಲ್ಲಿ ಕಲಿತ ಎಂಬ್ರಾಯ್ಡರಿಗಿಂತ ಅವ್ವ ಕಲಿಸಿದ ರೊಟ್ಟಿಯೇ ಯೂಸ್‌ಫುಲ್ ಆಯಿತು. ಎಲ್ಲರಿಗಿಂತ ಮೊದಲು ನಮ್ಮ ಕಟ್ಟೆಯ ಮೇಲೆ ಚಹಾದಂಗಡಿ ಇಟ್ಟವನು ಮೈದುನ. ಎಲ್ಲರಿಗಿಂತ ಮೊದಲು ಮುಚ್ಚಿದವನೂ ಅವನೇ. ಬಂಗಾರದ ಎಳೆ ಮನೆಯಡಿಗೇ ಹೋಗಿದೆಯೆಂದು ನಂಬಿ, ಹಿತ್ತಲ ಹಳ್ಳದ ದಂಡೆಯಿಂದ ನಮ್ಮ ಮನೆಯತ್ತಲೇ ಅಗೆಯತೊಡಗಿದ.

ಅಗೆಯುವವರದೊಂದು ಪದ್ಧತಿಯಿತ್ತು. ಒಳಹೋಗುವಾಗ ಬುತ್ತಿಗಂಟನ್ನು ಬಿಲದ ಬಾಯಿಯ ಹತ್ತಿರದ ಜಾಲಿಮರಕ್ಕೆ ತೂಗುಹಾಕಬೇಕು. ಹೊರಬಂದು ಉಂಡ ಮೇಲೆ ಬಟ್ಟೆ ಬಿಚ್ಚಿ ಹರವಬೇಕು. ಗಂಟು ತೂಗುತ್ತಿದ್ದರೆ ಮನುಷ್ಯ ಒಳಗಿದ್ದಾನೆ ಎಂದರ್ಥ.

ಅಂದು ಮಧ್ಯಾಹ್ನ ಸದ್ದು ನಿಂತಿತು. ಹಿತ್ತಲಿಗೆ ಓಡಿದೆ. ಗಂಟು ತೂಗುತ್ತಿತ್ತು, ಅದಕ್ಕೆ ಇರುವೆಗಳು ಮುತ್ತಿದ್ದವು. ಬಿಲದ ಬಾಯಿಯೇ ಇರಲಿಲ್ಲ. ದಂಡೆ ಕುಸಿದು ಮುಚ್ಚಿಹೋಗಿತ್ತು. ನನ್ನ ಚೀರಾಟಕ್ಕೆ ಹೋಟೆಲಿನ ಗಿರಾಕಿಗಳು ಬಂದರು.

"ಬಂಗಾರ ಸಿಕ್ಕಿರಬೇಕ್ರಿ ಅಕ್ಕಾರ, ಬಾಗಲಾ ಹಾಕ್ಕೊಂಡಾನ!" ಎಂದ ಒಬ್ಬ.

"ಬಾಯಿ ಮುಚ್ಚಲೇ ಹುಚ್ಚಪ್ಯಾಲಿ!" ಸೈಕಲ್ ಅಂಗಡಿಯ ಚಾಚಾ ಗದರಿದರು. "ಎಲ್ಲಿ ಅದಾನಂತ ಗೊತ್ತಿಲ್ದ ಅಗದ್ರ ಅವನ ಮ್ಯಾಲೇ ಮಣ್ಣ ಬೀಳತೈತಿ. ಮೊದಲ ಸಪ್ಪಳ ಕೇಳ್ರಿ."

ಹೇಗೆ ಕೇಳುವುದು? ಸಾಲು ಹೋಟೆಲುಗಳ ಪಂಪ್ ಸ್ಟೋವ್‌ಗಳ ಭುಸುಗುಟ್ಟುವಿಕೆ, ಕ್ಯಾಸೆಟ್ಟಿನ ಹಾಡು, ಹಿಟ್ಟಿನ ಗಿರಣಿ. ನಾನು ಕಟ್ಟೆ ಹತ್ತಿ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ದನಿಯಲ್ಲಿ ಕೂಗಿದೆ: "ಪಿನ್ ಡ್ರಾಪ್ ಸೈಲೆನ್ಸ್!" ಎಲ್ಲರೂ ಪಿಳಿಪಿಳಿ ನೋಡಿದರು.

"ಸ್ಟೋವ್ ಆರಸ್ರಿ! ಒಳಗ ಮನಷ್ಯಾ ಅದಾನ!"

ಒಂದೊಂದೇ ಸ್ಟೋವ್ ಆರಿತು. ಹಾಡು ನಿಂತಿತು, ಗಿರಣಿ ನಿಂತಿತು. ಆ ಪೇಟೆ ಹುಟ್ಟಿದಾಗಿನಿಂದ ಅಂಥ ಮೌನ ಕಂಡಿರಲಿಲ್ಲ. ಅಡುಗೆಮನೆಯ ನೆಲಕ್ಕೆ ಕಿವಿಯಿಟ್ಟು ಮಲಗಿದೆ. ಬಾಯಲ್ಲಿ ಹೇಲ್ ಮೇರಿ, ಯಲ್ಲಮ್ಮ ತಾಯಿ ಎರಡೂ ಕಲಸಿಹೋಗಿದ್ದವು. ಒಲೆಯ ಕೆಳಗೆ, ತೀರ ಸಣ್ಣಗೆ: ಠಣ್.

ಒಲೆ ಒಡೆದು, ನೆಲ ಅಗೆದು ರಟ್ಟೆ ಹಿಡಿದು ಎಳೆದರು. ಬಾಯಿ ತುಂಬಿದ್ದ ಮಣ್ಣು ಉಗಿದು ಅವನು ಕೇಳಿದ್ದು, "ವೈನಿ, ಒಲಿ ಒಡದ್ರೇನು?"

ಜೀವ ಉಳಿಯಿತು. ಆದರೆ ಸೂರಿನ ಕೆಳಗೆ ಅವನು ಮತ್ತೆ ಕಾಲಿಡಲಿಲ್ಲ. ಅಂಗಳದಲ್ಲೇ ಊಟ, ಅಂಗಳದಲ್ಲೇ ನಿದ್ದೆ. ಗಾಳಿಗೆ ತಗಡು ಬಡಿದುಕೊಂಡರೂ ಎದ್ದು ಬಯಲಿಗೆ ಓಡುತ್ತಿದ್ದ. ಕೊನೆಗೆ, ಈ ನೆಲವೇ ಬೇಡವೆಂದು ಸವದತ್ತಿಯ ಕಡೆ ಹೊರಟ.

ಟೆಂಪೋದಲ್ಲಿ ಸೀಟು ಖಾಲಿಯಿತ್ತು. "ಒಳಗ ಕುಂದ್ರೋ," ಎಂದೆ.

"ಬ್ಯಾಡ್ರಿ ವೈನಿ. ಮ್ಯಾಲ ಆಕಾಶ ಐತಿ."

ಮೇಲೆ ಹತ್ತಿ, ನಾನು ಕೊಟ್ಟ ಬುತ್ತಿಯನ್ನು ಕ್ಯಾರಿಯರ್‌ನ ಸರಳಿಗೆ ಕಟ್ಟಿ, ಎರಡೂ ಕೈಯಿಂದ ಸರಳು ಹಿಡಿದು ಕುಳಿತ. ಕೈ ಬೀಸಲೂ ಸರಳು ಬಿಡಲಿಲ್ಲ. ಮತ್ತೆ ನಾನು ಅವನನ್ನು ನೋಡಲಿಲ್ಲ. ಟೆಂಪೋ ತಿರುವು ದಾಟುವವರೆಗೂ ಆ ಗಂಟು ತೂಗುತ್ತಲೇ ಇತ್ತು.